‘ಹಸಿವಿಲ್ರೀ’ ಅನ್ನುವ ತಾಯಿ

ಕಲಬುರಗಿ ಸೀಮೆಯಲ್ಲಿ ಯಾರ ಮನೆ ಹೊಸ್ತಿಲು ತುಳಿದರೂ ಮೊದಲ ಮಾತು ‘ಊಟ ಆಯ್ತೇನ್ರೀ?’ ಉತ್ತರವೂ ಒಂದೇ: ‘ಆಗ್ಯಾದ್ರೀ.’ ಬೆಳಗಿನಿಂದ ಒಲೆ ಹೊತ್ತದ ಮನೆಯಲ್ಲೂ ಇದೇ ಉತ್ತರ ಬರುತ್ತದೆ. ‘ಇನ್ನೂ ಇಲ್ಲ’ ಎಂದರೆ ಕೇಳಿದವರು ಏನಾದರೂ ತಂದುಕೊಡಬೇಕಾಗುತ್ತದೆ, ಇಲ್ಲವೇ ಸಂಜೆಯೊಳಗೆ ಓಣಿಗೆಲ್ಲ ಸುದ್ದಿಯಾಗುತ್ತದೆ. ಹಾಗಾಗಿ ಕೂಲಿ ಮಾಡುವ ತಾಯಿಯ ಹಸಿವು ತಿಳಿಯಬೇಕೆಂದು ಹೋದ ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಟೀಚರಿಗೆ, ಪಕ್ಕದ ಮನೆಯವರಿಗೆ ಈ ಪ್ರಶ್ನೆಯಿಂದ ಏನೂ ಸಿಗುವುದಿಲ್ಲ.

ಇದಕ್ಕಿಂತ ಕಷ್ಟದ್ದು ಇನ್ನೊಂದು ಮಾತು, ‘ಹಸಿವಿಲ್ರೀ’. ಮನೆಯಲ್ಲಿ ಇರುವುದು ಸಾಲದು, ಮಕ್ಕಳು ಉಣ್ಣಲಿ ಎಂದು ಆಕೆ ಹಾಗೆ ಅಂದಿರಬಹುದು. ಖಿನ್ನತೆಯಿಂದ ನಿಜವಾಗಿಯೂ ಹಸಿವು ಸತ್ತಿರಬಹುದು. ರಕ್ತ ಕಡಿಮೆಯಾಗಿ ಬಾಯಿಗೆ ರುಚಿ ಹತ್ತದೇ ಇರಬಹುದು. ಬಹಳ ಮನೆಗಳಲ್ಲಿ ಮೂರೂ ಒಟ್ಟಿಗೇ ಇರುತ್ತವೆ. ಆದರೆ ಮೂರಕ್ಕೂ ಮಾಡಬೇಕಾದ ಕೆಲಸ ಬೇರೆ. ಬರೀ ಅಕ್ಕಿ ಕೊಟ್ಟು ಬಂದರೆ ಖಿನ್ನತೆ ಹಾಗೇ ಉಳಿಯುತ್ತದೆ. ಬರೀ ಕಬ್ಬಿಣಾಂಶದ ಗುಳಿಗೆ ಕೊಟ್ಟು ಕಳಿಸಿದರೆ ಖಾಲಿ ಹೊಟ್ಟೆಯಲ್ಲಿ ಅದು ವಾಂತಿಯಾಗಬಹುದು.

ಮೊದಲು ಒಲೆಯ ಮುಂದೆ ಕೂತು ನೋಡೋಣ. ಆಷಾಢದ ಸಂಜೆ. ಡಬ್ಬಿಯಲ್ಲಿ ಹತ್ತು ರೊಟ್ಟಿಗಾಗುವಷ್ಟು ಜೋಳದ ಹಿಟ್ಟು. ಒಂದು ರೊಟ್ಟಿಗೆ ಸುಮಾರು 60 ಗ್ರಾಂ ಹಿಟ್ಟಿನ ಲೆಕ್ಕ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಜಿಗುಟಿಲ್ಲ, ಅದಕ್ಕೇ ಕುದಿಯುವ ಎಸರು ಹಾಕಿ ಬಿಸಿ ಇರುವಾಗಲೇ ನಾದಬೇಕು, ಬಡಿದ ಕೂಡಲೇ ಹಂಚಿಗೆ ಹಾಕಬೇಕು, ಮೇಲೆ ಒದ್ದೆ ಬಟ್ಟೆ ಸವರಬೇಕು. ಬಡಿಯುವವಳು ನಡುವೆ ಎದ್ದರೆ ಹಿಟ್ಟು ಆರಿ ಅಂಚು ಸೀಳುತ್ತದೆ. ಹಾಗಾಗಿ ಆಕೆ ಒಲೆ ಬಿಟ್ಟು ಏಳುವ ಹಾಗಿಲ್ಲ, ಬಿಸಿ ರೊಟ್ಟಿ ಒಂದೊಂದಾಗಿ ಬೇರೆಯವರ ತಟ್ಟೆಗೆ ಹೋಗುತ್ತವೆ. ಗಂಡನಿಗೆ 3, ಅತ್ತೆಗೆ 2, ಇಬ್ಬರು ಮಕ್ಕಳಿಗೆ 4. ಉಳಿದದ್ದು 1. ಪುಂಡಿಪಲ್ಯ ತಳದಲ್ಲಿ ಒಂದು ಸವಟು. ಕೊನೆಗೆ ಆಕೆಗೆ ಆ ಒಂದು ರೊಟ್ಟಿ, ಹಸಿಖಾರ, ಒಂದು ತಂಬಿಗೆ ನೀರು. ಸುಮಾರು 200 ಕ್ಯಾಲರಿ, 6 ಗ್ರಾಂ ಪ್ರೋಟೀನು. ಆಕೆಯ ತೊಡೆಯ ಮೇಲೆ ನಾಲ್ಕು ತಿಂಗಳ ಕೂಸಿದೆ. ಹಾಲೂಡಿಸುವ ತಾಯಿಗೆ ಮೊದಲ 6 ತಿಂಗಳು ದಿನಕ್ಕೆ ಮಾಮೂಲಿಗಿಂತ 600 ಕ್ಯಾಲರಿ ಹೆಚ್ಚು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಅಂದರೆ ಎಲ್ಲರಿಗಿಂತ ಹೆಚ್ಚು ಉಣ್ಣಬೇಕಾದವಳಿಗೆ ಎಲ್ಲರಿಗಿಂತ ಕಡಿಮೆ ಸಿಕ್ಕಿದೆ. ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಬಡಿಯುವವಳು ಕೊನೆಗೆ ಉಣ್ಣುತ್ತಾಳೆ ಎಂಬ ಕ್ರಮ ಒಂದೇ ಸಾಕು ಇಷ್ಟಾಗುವುದಕ್ಕೆ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಆಹಾರದ ಅಭದ್ರತೆಯನ್ನು ಅಳೆಯಲು ಎಂಟು ಪ್ರಶ್ನೆಗಳನ್ನು ಬಳಸುತ್ತದೆ. ಕೊನೆಯ ಪ್ರಶ್ನೆ, ಇಡೀ ದಿನ ಉಪವಾಸ ಬಿದ್ದದ್ದುಂಟೇ ಅಂತ. ಅದಕ್ಕೂ ಮೊದಲು ಒಪ್ಪತ್ತು ಬಿಟ್ಟದ್ದು, ಅರೆಹೊಟ್ಟೆ ಉಂಡದ್ದು, ಮನೆಯಲ್ಲಿ ಕಾಳುಕಡಿ ಮುಗಿದದ್ದು ಹೀಗೆ ಒಂದೊಂದೇ ಮೆಟ್ಟಿಲು. ಆದರೆ ಮೊದಲ ಪ್ರಶ್ನೆ ಯಾವುದು ಗೊತ್ತೇ? ಹಣವಿಲ್ಲದೆ ಊಟಕ್ಕೆ ಸಾಲದಾದೀತೆಂದು ಚಿಂತೆ ಹತ್ತಿತ್ತೇ ಎಂಬುದು. ಹಸಿವಿನ ಅಳತೆಗೋಲು ಚಿಂತೆಯಿಂದಲೇ ಶುರುವಾಗುತ್ತದೆ. ಇನ್ನೂ ಅನ್ನವಿದೆ, ಆದರೆ ಆಚೆ ವಾರದ್ದು ಗೊತ್ತಿಲ್ಲ. ನಮ್ಮ ಹೆಣ್ಣುಮಕ್ಕಳು ಇದಕ್ಕೆ ‘ಚಿಂತಿ ಹತ್ಯಾದ್ರೀ’ ಎನ್ನುತ್ತಾರೆ. ದವಾಖಾನೆಯಲ್ಲಿ ಖಿನ್ನತೆ ಎಂಬ ಶಬ್ದ ಅವರ ಬಾಯಲ್ಲಿ ಬರುವುದಿಲ್ಲ. ‘ತಲಿ ಭಾರ’, ‘ಎದಿ ಬಡಕೊಳ್ತದ’, ‘ನಿದ್ದಿ ಹತ್ತಂಗಿಲ್ಲ’, ‘ಕೈಕಾಲಾಗ ಜೀವಿಲ್ಲ’, ‘ಜೀವ ಬ್ಯಾಸರ ಆಗ್ಯಾದ’ ಎಂದೇ ಹೇಳುತ್ತಾರೆ. ಕೇಳುವವರು ಇವನ್ನು ತಲೆನೋವು, ಬಿ.ಪಿ., ಗ್ಯಾಸ್ಟ್ರಿಕ್ ಎಂದು ಬರೆದುಕೊಂಡು ಗುಳಿಗೆ ಕೊಟ್ಟು ಕಳಿಸಿದರೆ ಅಲ್ಲಿಗೆ ಮುಗಿಯಿತು.

ಚಿಂತೆಗೆ ಕ್ಯಾಲೆಂಡರ್ ಇದೆ. ತೊಗರಿ ಜೂನ್-ಜುಲೈ ಬಿತ್ತಿ ಡಿಸೆಂಬರ್-ಜನವರಿಯಲ್ಲಿ ಕಟಾವು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಅದನ್ನು ಕೊಯ್ದು ಬಡಿದು ದಾಲ್ ಮಿಲ್ಲಿನಲ್ಲಿ ಹಸನು ಮಾಡುವ ಕೈ ಬಹಳಷ್ಟು ಹೆಂಗಸರದ್ದೇ. ಯಾದಗಿರಿ, ಶಹಾಪುರ, ಸುರಪುರ ಕಡೆ ಹತ್ತಿ ಬಿಡಿಸುವುದು ಅಕ್ಟೋಬರ್‌ನಿಂದ ಜನವರಿವರೆಗೆ, ಕಿಲೋ ಲೆಕ್ಕದ ಕೂಲಿ. ಎಳ್ಳಮಾಸಿಯ ಹೊತ್ತಿಗೆ ಬುಟ್ಟಿ ತುಂಬಿರುತ್ತದೆ. ಆ ದಿನದ ಭಜ್ಜಿಯಲ್ಲಿ ಹಸಿ ತೊಗರಿಕಾಳು, ಕಡಲೆ, ಸೊಪ್ಪು, ಬದನೆ, ಗಜ್ಜರಿ, ಶೇಂಗಾ ಎಲ್ಲ ಬೀಳುತ್ತವೆ. ಹೆಂಗಸರ ಊಟವನ್ನು ಅಳೆಯುವವರು ಹತ್ತು ಬಗೆಯ ಆಹಾರದಲ್ಲಿ ಒಂದು ದಿನಕ್ಕೆ ಕನಿಷ್ಠ ಐದಾದರೂ ಇರಬೇಕೆನ್ನುತ್ತಾರೆ. ಎಳ್ಳಮಾಸಿಯ ತಟ್ಟೆ ಅದನ್ನು ಸಲೀಸಾಗಿ ದಾಟುತ್ತದೆ. ಅದೇ ಮನೆಯ ಆಷಾಢದ ತಟ್ಟೆಯಲ್ಲಿ ಅನ್ನ ಮತ್ತು ತಿಳಿ ಬ್ಯಾಳಿ, ಎರಡೇ. ಮಾರ್ಚಿನಿಂದ ಮೇವರೆಗೆ ಹೊಲದಲ್ಲಿ ಕೆಲಸವಿಲ್ಲ, ಬಿಸಿಲು 42 ಡಿಗ್ರಿ ದಾಟುತ್ತದೆ, ಗಂಡಸರು ಹೈದರಾಬಾದು, ಪುಣೆ, ಮುಂಬೈ, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಬಸುರಿ, ಬಾಣಂತಿ ಊರಲ್ಲೇ ಉಳಿಯುತ್ತಾಳೆ. ಬಿತ್ತನೆಯಾಗಿ ಹೆಸರುಕಾಳು ಕೈಗೆ ಬರುವವರೆಗಿನ ನಡುವಿನ ದಿನಗಳು ಎಲ್ಲಕ್ಕಿಂತ ಕಷ್ಟದವು.

ಮೊದಲೆಲ್ಲ ಆ ದಿನಗಳಲ್ಲಿ ಕಳೆ ಕೀಳುವ ಕೂಲಿ ಇತ್ತು. ಬರುವಾಗ ಹಕ್ಕರಿಕಿ, ರಾಜಗಿರಿ ಸೊಪ್ಪನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಕಳೆನಾಶಕ ಹೊಡೆದ ಹೊಲದಲ್ಲಿ ಕೂಲಿಯೂ ಇಲ್ಲ, ಸೊಪ್ಪೂ ಇಲ್ಲ. ಇದನ್ನು ಯಾವ ಆಹಾರ ಯೋಜನೆಯೂ ಲೆಕ್ಕಕ್ಕೆ ಹಿಡಿದಂತೆ ಕಾಣುವುದಿಲ್ಲ, ನನಗೆ ಇದು ದೊಡ್ಡ ನಷ್ಟವೆಂದೇ ತೋರುತ್ತದೆ.

ತಿಂಗಳೊಳಗೂ ಒಂದು ಏರಿಳಿತ ಇದೆ. 2013ರ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕಾರ್ಡಿನ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕೆ.ಜಿ., ಅಂತ್ಯೋದಯ ಕಾರ್ಡಿಗೆ 35 ಕೆ.ಜಿ. ಧಾನ್ಯ, ಇದರ ಮೇಲೆ ರಾಜ್ಯ ಅನ್ನಭಾಗ್ಯದಲ್ಲಿ ಸೇರಿಸಿ ಕೊಡುತ್ತದೆ. ಇದು ಇಲ್ಲದಿದ್ದರೆ ಎಷ್ಟು ಮನೆಗಳು ಏನಾಗುತ್ತಿದ್ದವೋ. ಆದರೆ ಅಕ್ಕಿ ಉಳಿದಿರುವಾಗಲೇ ಎಣ್ಣೆ, ಬೇಳೆ, ಉಳ್ಳಾಗಡ್ಡಿ ಮುಗಿಯುತ್ತವೆ. ಮೂರನೇ ವಾರದ ಕೊನೆಗೆ ಬಿಳಿ ಅನ್ನ, ಉಪ್ಪಿನಕಾಯಿಯ ರಸ. ಹೊಟ್ಟೆ ತುಂಬಿದಂತೆ ಕಾಣುತ್ತದೆ, ರಕ್ತಕ್ಕೆ ಏನೂ ಸೇರುವುದಿಲ್ಲ.

ಕಾರ್ಡಿನ ತೊಂದರೆಗಳು ಚಿಕ್ಕವು, ಪರಿಣಾಮ ಮಾತ್ರ ದೊಡ್ಡದು. ರೊಟ್ಟಿ ಬಡಿದು, ಪರಸಿ ಕಲ್ಲು ಹೊತ್ತು, ಸಿಮೆಂಟು ಕಲಸಿ ಬೆರಳಿನ ಗೆರೆ ಸವೆದವರಿಗೆ ಹೆಬ್ಬೆಟ್ಟಿನ ಯಂತ್ರ ಕೈಕೊಡುತ್ತದೆ. ಕೈ ತೊಳೆದು ಒರೆಸಿ ಬೇರೆ ಬೆರಳು ಇಡಬೇಕು, ಆಗದಿದ್ದರೆ ಮನೆಯ ಇನ್ನೊಬ್ಬ ಸದಸ್ಯರ ಬೆರಳು ಅಥವಾ ಮೊಬೈಲಿಗೆ ಬರುವ ಒ.ಟಿ.ಪಿ. ಕೇಳಬೇಕು. ‘ನಾಳೆ ಬಾ’ ಎಂದಾಗ ಹೋಗುವುದು ಒಂದು ದಿನದ ಕೂಲಿ. ಸೊಸೆಯ ಹೆಸರು ಇನ್ನೂ ತವರಿನ ಕಾರ್ಡಿನಲ್ಲೇ ಇರುವುದು, ಕೂಸಿನ ಹೆಸರು ಸೇರದೇ ಇರುವುದು ಇನ್ನೊಂದು. ಗುಳೆ ಹೋದ ಕಡೆ ಇದೇ ಕಾರ್ಡಿನಲ್ಲಿ ಧಾನ್ಯ ಪಡೆಯಬಹುದು ಎಂದು ಗೊತ್ತಿಲ್ಲದವರು ಬಹಳ. ಕಾಯ್ದೆಯ ಪ್ರಕಾರ ಮನೆಯ ಹಿರಿಯ ಹೆಂಗಸೇ ಕಾರ್ಡಿನ ಯಜಮಾನಿ, ಆದ್ದರಿಂದ ಕೂಡುಕುಟುಂಬದಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಅತ್ತೆಯ ಖಾತೆಗೆ ಬೀಳುತ್ತದೆ. ಅತ್ತೆ-ಸೊಸೆ ಚೆನ್ನಾಗಿದ್ದರೆ ಆ ಹಣದಲ್ಲಿ ತತ್ತಿ ಬರುತ್ತದೆ. ಇಲ್ಲದಿದ್ದರೆ ಹಾಲೂಡಿಸುವ ತಾಯಿಯ ಕೈಯಲ್ಲಿ ಹತ್ತು ರೂಪಾಯಿಯೂ ಇರುವುದಿಲ್ಲ. ಮನೆಗೆ ಯೋಜನೆಯ ಹಣ ಬರುತ್ತಿದೆ ಎಂದು ತಿಳಿದ ಮೇಲೆ, ಯಾರ ಕೈಗೆ ಬರುತ್ತಿದೆ ಎಂದು ಇನ್ನೊಮ್ಮೆ ಕೇಳಬೇಕು.

ಈಗ ಸಾಲದ ಮಾತು. ವಾರದ ಕಂತಿನ ಗುಂಪು ಸಾಲ ತೆಗೆದುಕೊಂಡ ಮನೆಯಲ್ಲಿ ಕೂಲಿ ಬರುವುದು ಹೊಯ್ದಾಡುತ್ತದೆ, ಕಂತು ಹೊಯ್ದಾಡುವುದಿಲ್ಲ. ಕಂತಿನ ದಿನ ಗುಂಪಿನ ಉಳಿದ ಹೆಂಗಸರು ಎದುರಿಗೇ ಕೂತಿರುತ್ತಾರೆ, ತಪ್ಪಿದರೆ ಅವರ ಮುಖ ನೋಡುವುದು ಕಷ್ಟ. ಹಾಗಾಗಿ ಮೊದಲು ಕಂತು, ಆಮೇಲೆ ಕಿರಾಣಿ. ಕಂತಿನ ಹಿಂದಿನ ರಾತ್ರಿ ನಿದ್ದೆ ಬಾರದಿರುವುದು, ಎದೆ ಬಡಿದುಕೊಳ್ಳುವುದು, ಮಕ್ಕಳ ಮೇಲೆ ಕೈ ಎತ್ತುವುದು ಇವನ್ನೆಲ್ಲ ವಾರದ ದಿನದ ಜೊತೆ ಹೊಂದಿಸಿ ಕೇಳಿದರೆ ಕಾರಣ ತಾನೇ ಹೊರಬೀಳುತ್ತದೆ. ತಿಳಿದಿರಬೇಕಾದ ನಿಯಮಗಳಿವೆ. ಭಾರತೀಯ ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದಂತೆ ಒಂದು ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ 50%ಕ್ಕಿಂತ ಹೆಚ್ಚಾಗಬಾರದು, ವಸೂಲಿಯವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ, ಬೈಯುವ ಬೆದರಿಸುವ ಹಾಗಿಲ್ಲ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯೇ ಇಲ್ಲದವರ ಬಲವಂತದ ವಸೂಲಿಗೆ 2025ರಲ್ಲಿ ರಾಜ್ಯವೇ ಕಾನೂನು ತಂದಿದೆ, ಶಿಕ್ಷೆ 10 ವರ್ಷ ಜೈಲು, 5 ಲಕ್ಷ ರೂಪಾಯಿ ದಂಡದವರೆಗೆ. ಸಾಲದ ಪಾಸ್‌ಬುಕ್ ತೆರೆದು ಎಷ್ಟು ಸಾಲ, ಯಾರದ್ದು, ಯಾವ ವಾರ ಎಂದು ಒಂದು ಹಾಳೆಯಲ್ಲಿ ಬರೆದು ಕೊಡುವುದೇ ಬಹಳ ಹೆಂಗಸರಿಗೆ ಅರ್ಧ ಭಾರ ಇಳಿಸುತ್ತದೆ. ಗೊತ್ತಿಲ್ಲದ ಸಾಲದ ಚಿಂತೆ ಗೊತ್ತಿರುವ ಸಾಲಕ್ಕಿಂತ ದೊಡ್ಡದಿರುತ್ತದೆ.

ಕೂಸಿರುವ ತಾಯಿ ಕೂಲಿಗೆ ಯಾವಾಗ ಮರಳುತ್ತಾಳೆ? ನೌಕರಿಯಲ್ಲಿರುವವರಿಗೆ ಕಾನೂನು 26 ವಾರ ಸಂಬಳದ ರಜೆ ಕೊಡುತ್ತದೆ. ಹೊಲದ ಕೂಲಿಗೆ, ಮನೆಗೆಲಸಕ್ಕೆ, ಕಣ್ಣಿ ಮಾರ್ಕೆಟ್‌ನಲ್ಲಿ ಸೊಪ್ಪಿನ ಬುಟ್ಟಿ ಇಟ್ಟು ಕೂರುವವರಿಗೆ ಅದು ಇಲ್ಲ. ಮೊದಲ ಹೆರಿಗೆಗೆ ಮಾತೃವಂದನಾ ಯೋಜನೆಯ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. ಅಂಗನವಾಡಿ ಮೂರು ವರ್ಷ ತುಂಬಿದ ಮಕ್ಕಳನ್ನು ಕೂರಿಸಿಕೊಳ್ಳುತ್ತದೆ. ಆರು ತಿಂಗಳಿಂದ ಮೂರು ವರ್ಷದೊಳಗಿನವಕ್ಕೆ ಮನೆಗೆ ಒಯ್ಯುವ ಪೊಟ್ಟಣ. ಹಾಗಾಗಿ ಹುಟ್ಟಿದ್ದರಿಂದ ಮೂರು ವರ್ಷದವರೆಗೆ ಕೂಸನ್ನು ಯಾರು ನೋಡಬೇಕು ಎಂಬುದಕ್ಕೆ ಉತ್ತರ ಅಜ್ಜಿ, ಇಲ್ಲವೇ ಶಾಲೆ ಬಿಟ್ಟ ಅಕ್ಕ. ಪಂಚಾಯಿತಿಯಲ್ಲಿ ಚಿಕ್ಕ ಮಕ್ಕಳನ್ನು ಹಗಲು ನೋಡಿಕೊಳ್ಳುವ ‘ಕೂಸಿನ ಮನೆ’ ನಡೆಯುತ್ತಿದ್ದರೆ ಅದನ್ನು ಬಿಡಬಾರದು. ಎಲ್ಲೂ ಇಲ್ಲದಿದ್ದರೆ ತಾಯಿ ಕೆಲಸದ ಬದುವಿನಲ್ಲಿ ಜೋಳಿಗೆ ಕಟ್ಟಿ, ಅರ್ಧ ಗಮನ ಅಲ್ಲಿಟ್ಟು ಹತ್ತಿ ಬಿಡಿಸುತ್ತಾಳೆ. ಕಿಲೋ ಕಡಿಮೆ ಬೀಳುತ್ತದೆ, ಕೂಲಿ ಕಡಿಮೆ ಬೀಳುತ್ತದೆ.

ಕಟ್ಟಡ ಕೆಲಸದವರಿಗೆ ಒಂದು ದಾರಿ ಇದೆ. ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ, ವಯಸ್ಸು 18ರಿಂದ 60ರೊಳಗಿದ್ದರೆ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸಬಹುದು, ಅಲ್ಲಿ ಹೆರಿಗೆ ಸಹಾಯವೂ ಇದೆ. ಹೆಚ್ಚಿನ ಮನೆಗಳಲ್ಲಿ ಗಂಡನ ಕಾರ್ಡು ಇರುತ್ತದೆ, ಜೊತೆಗೇ ಕಲ್ಲು ಹೊತ್ತ ಹೆಂಡತಿಯದು ಇರುವುದಿಲ್ಲ. ಬಸುರಿಯಾದ ಮೇಲೆ ಓಡಾಡುವುದು ಕಷ್ಟ, ಮೊದಲೇ ಮಾಡಿಸಬೇಕು.

ದೇಹದ ಕಡೆಗೆ ಬರೋಣ. ಗೊಂದಲ ಹೆಚ್ಚಿರುವುದು ಇಲ್ಲೇ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 47.8% ಜನಕ್ಕೆ ರಕ್ತಹೀನತೆ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಾದರೆ, ಬಸುರಿಗೆ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಬಸುರಿಗೆ 7ಕ್ಕಿಂತ ಇಳಿದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ರಕ್ತ ಕಡಿಮೆಯಾದವಳಿಗೆ ಏನಾಗುತ್ತದೆ? ದಣಿವು, ಕೆಲಸದಲ್ಲಿ ಮನಸ್ಸಿಲ್ಲದಿರುವುದು, ಸಿಡುಕು, ಮರೆವು, ಎದೆ ಬಡಿತ. ಖಿನ್ನತೆ ಬಂದವಳಿಗೆ? ಹೆಚ್ಚುಕಡಿಮೆ ಅದೇ. ಅರೆಹೊಟ್ಟೆಯಲ್ಲಿರುವವಳಿಗೂ ಅದೇ. ಖಿನ್ನತೆಗೆ ಎಲ್ಲ ಕಡೆ ಬಳಸುವ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ನಿದ್ದೆ, ದಣಿವು, ಹಸಿವು ಈ ಮೂರೂ ಇವೆ. ಹಸಿದು ರಕ್ತಹೀನಳಾದ ತಾಯಿ ಖಿನ್ನತೆ ಇಲ್ಲದೆಯೂ ಅಲ್ಲಿ ಅಂಕ ಗಳಿಸಿಬಿಡಬಹುದು. ಬಾಣಂತಿಯರಿಗೆಂದೇ 1987ರಲ್ಲಿ ಎಡಿನ್‌ಬರೋದಲ್ಲಿ ತಯಾರಾದ ಹತ್ತು ಪ್ರಶ್ನೆಗಳ ಪಟ್ಟಿ ದಣಿವು, ಹಸಿವುಗಳನ್ನು ಬೇಕೆಂದೇ ಕೈಬಿಟ್ಟಿದೆ, ಹಿಂದಿನ ಏಳು ದಿನದ ಮನಸ್ಸನ್ನಷ್ಟೇ ಕೇಳುತ್ತದೆ. ನಮ್ಮ ಕಡೆಯ ಬಾಣಂತಿಯರಿಗೆ ಇದೇ ಹೆಚ್ಚು ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಾಣಂತಿಯ ಖಿನ್ನತೆ ಅಪರೂಪದ ಕಾಯಿಲೆ ಅಲ್ಲ. ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಲೆಕ್ಕದಲ್ಲಿ 22%, ಅಂದರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು.

ಹಾಗಾದರೆ ‘ಹಸಿವಿಲ್ರೀ’ಯನ್ನು ಬಿಡಿಸುವುದು ಹೇಗೆ? ಒಂದು ಪ್ರಶ್ನೆ ಬಹಳ ಕೆಲಸಕ್ಕೆ ಬರುತ್ತದೆ: ‘ತವರಿಗಿ ಹೋದಾಗ ಉಣ್ತೀರೇನಕ್ಕ?’ ತವರಲ್ಲಿ, ಮದುವೆಯಲ್ಲಿ, ಜಾತ್ರೆಯ ದಾಸೋಹದಲ್ಲಿ ಹೊಟ್ಟೆ ತುಂಬ ಉಣ್ಣುವವಳಿಗೆ ಹಸಿವು ಇದೆ, ಮನೆಯಲ್ಲಿ ಅನ್ನ ಇಲ್ಲ. ಅಲ್ಲಿಯೂ, ತಟ್ಟೆ ಮುಂದಿದ್ದು ಬೇರೆ ಯಾರಿಗೂ ಬಡಿಸಬೇಕಿಲ್ಲದಾಗಲೂ, ತುತ್ತು ಗಂಟಲಲ್ಲಿ ಇಳಿಯುವುದಿಲ್ಲ ಎಂದರೆ ಮನಸ್ಸಿನ ಕಡೆ ನೋಡಬೇಕು. ಕಣ್ಣಿನ ಕೆಳರೆಪ್ಪೆಯ ಒಳಭಾಗ, ಅಂಗೈ, ಉಗುರು ಬಿಳಚಿಕೊಂಡಿದ್ದರೆ, ಮಣ್ಣು, ಹಸಿ ಅಕ್ಕಿ, ಸುಣ್ಣ ತಿನ್ನಬೇಕೆನಿಸುತ್ತಿದ್ದರೆ ರಕ್ತ ಪರೀಕ್ಷೆ ಮೊದಲು. ಅದರ ಜೊತೆಗೇ ಥೈರಾಯ್ಡ್ ಕೂಡ ನೋಡಿಸುವುದು ಒಳ್ಳೆಯದು, ಅದೂ ಇದೇ ವೇಷದಲ್ಲಿ ಬರುತ್ತದೆ.

ಊಟದ ಬಗ್ಗೆ ಕೇಳುವಾಗ ‘ಉಂಡ್ರಿ?’ ಬಿಟ್ಟು ಹೀಗೆ ಕೇಳಬೇಕು. ‘ನಿನ್ನಿ ಸಂಜಿಗಿ ಏನ್ ಅಡಗಿ ಮಾಡಿದ್ರಿ? ಎಷ್ಟು ರೊಟ್ಟಿ ಬಡದ್ರಿ? ಕಡೀಕ ಉಂಡವರು ಯಾರು? ಅವಾಗ ಏನ್ ಉಳದಿತ್ತು?’ ಈ ನಾಲ್ಕಕ್ಕೆ ಯಾರೂ ಸುಳ್ಳು ಹೇಳುವುದಿಲ್ಲ, ಏಕೆಂದರೆ ಇವು ಅಡುಗೆಯ ಪ್ರಶ್ನೆಗಳು, ಮರ್ಯಾದೆಯ ಪ್ರಶ್ನೆಗಳಲ್ಲ. ಆಮೇಲೆ ಮೆಲ್ಲಗೆ ಮನಸ್ಸಿಗೆ ಬರಬೇಕು. ‘ಹಿಂದಿನ ಎರಡು ವಾರದಾಗ ಯಾವುದರಾಗೂ ಮನಸಿಲ್ಲ ಅಂತ ಎಷ್ಟು ದಿನ ಅನಸ್ಯಾದ? ಜೀವ ಬ್ಯಾಸರ ಅಂತ ಎಷ್ಟು ದಿನ?’ ಒಂದೂ ಇಲ್ಲ ಎಂದರೆ 0, ಕೆಲವು ದಿನಕ್ಕೆ 1, ಅರ್ಧಕ್ಕಿಂತ ಹೆಚ್ಚು ದಿನಕ್ಕೆ 2, ದಿನಾಲೂ ಎಂದರೆ 3. ಎರಡೂ ಸೇರಿ 3 ಮುಟ್ಟಿದರೆ ಪೂರ್ತಿ ಪ್ರಶ್ನೆಗಳನ್ನು ಕೇಳಲು ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಅತ್ತೆ, ಗಂಡ ಪಕ್ಕದಲ್ಲಿ ಕೂತಿರುವಾಗ ಇದನ್ನು ಕೇಳಿದರೆ ಎಲ್ಲ 0 ಬರುತ್ತದೆ. ನಳದ ಹತ್ತಿರ, ಅಂಗನವಾಡಿಯಲ್ಲಿ ಕೂಸಿನ ತೂಕ ಹಾಕುವಾಗ, ಬಸ್ಸಿಗೆ ಕಾಯುವಾಗ ಕೇಳಿ.

ಒಂದು ಪ್ರಶ್ನೆಗೆ ಎಲ್ಲರೂ ಹೆದರುತ್ತಾರೆ. ‘ಒಮ್ಮೊಮ್ಮೆ ಜೀವ ಬ್ಯಾಡ ಅನಸ್ತದೇನಕ್ಕ?’ ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಕ್ಕೀತೆಂಬ ಭಯ ಸುಳ್ಳು. ಕೇಳಿದರೆ ಹೇಳಿಕೊಳ್ಳಲು ದಾರಿಯಾಗುತ್ತದೆ. ‘ಹೌದು’ ಎಂದರೆ ಆಕೆಯನ್ನು ಒಬ್ಬಳನ್ನೇ ಬಿಡಬಾರದು, ಆಕೆ ನಂಬುವ ಒಬ್ಬರನ್ನು ಜೊತೆಗಿರಿಸಿ ಅವತ್ತೇ ಆಸ್ಪತ್ರೆಗೆ. ಹತ್ತಿ, ತೊಗರಿಯ ಸೀಮೆಯಲ್ಲಿ ಬೆಳೆಗೆ ಹೊಡೆಯುವ ಔಷಧಿಗೆ ‘ಎಣ್ಣಿ’ ಎನ್ನುತ್ತೇವೆ. ಆ ಡಬ್ಬಿ ಮನೆಯೊಳಗೆ ಇರಲೇಬಾರದು. ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಬೀಗದ ಕೈ ಬೇರೆಯವರ ಹತ್ತಿರ, ಇಲ್ಲವೇ ಊರ ಅಂಗಡಿಯಲ್ಲೇ. ಸಂಕಟದ ಗಳಿಗೆ ಬಹಳ ಹೊತ್ತಿನದಲ್ಲ, ಆ ಗಳಿಗೆಯಲ್ಲಿ ಕೈಗೆ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತವೆ. ಪೊಲೀಸ್ ಕೇಸಾದೀತೆಂದು ಆಸ್ಪತ್ರೆಗೆ ಹೋಗದೆ ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ನೋಡುತ್ತದೆ, ಶಿಕ್ಷೆ ಕೊಡುವುದಿಲ್ಲ, ಚಿಕಿತ್ಸೆ ಕೊಡಿಸುವುದು ಸರ್ಕಾರದ ಹೊಣೆ ಎನ್ನುತ್ತದೆ.

ಹೆರಿಗೆಯಾದ ಮೊದಲೆರಡು ವಾರದಲ್ಲಿ ನಿದ್ದೆಯೇ ಬಿಟ್ಟು, ಇಲ್ಲದ ಧ್ವನಿ ಕೇಳಿಸಿಕೊಂಡು, ಕೂಸನ್ನು ಗುರುತಿಸದ ಹಾಗಾದರೆ ಅದು ಬಾಣಂತಿ ಸನ್ನಿ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರೆ ಕಟ್ಟಿಸಲಿ, ಆದರೆ ಅದೇ ದಿನ 108ರಲ್ಲಿ ಜಿಲ್ಲಾ ಆಸ್ಪತ್ರೆಗೆ.

ಕಬ್ಬಿಣಾಂಶದ ಗುಳಿಗೆ ಏಕೆ ವಿಫಲವಾಗುತ್ತದೆ ಎಂಬುದನ್ನು ಹೇಳಲೇಬೇಕು. 60 ಮಿ.ಗ್ರಾಂ. ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಕೆಂಪು ಗುಳಿಗೆ, ಬಸುರಿನಲ್ಲಿ 180 ದಿನ, ಹೆರಿಗೆಯ ನಂತರ 180 ದಿನ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ. ಖಾಲಿ ಹೊಟ್ಟೆಯಲ್ಲೇ ಕೆಲಸಕ್ಕೆ ಹೋಗುವವಳು ಎರಡು ದಿನ ನೋಡಿ ಅದನ್ನು ಜಂತಿಯಲ್ಲಿ ಸಿಕ್ಕಿಸುತ್ತಾಳೆ. ರಾತ್ರಿ ಊಟವಾದ ಒಂದು ತಾಸಿನ ಮೇಲೆ, ಲಿಂಬೆ ಹಿಂಡಿದ ನೀರಿನ ಜೊತೆ ನುಂಗಲಿ. ಮುಂಚೆ ಹಿಂದೆ ಒಂದೊಂದು ತಾಸು ಚಹಾ ಬೇಡ. ಕ್ಯಾಲ್ಸಿಯಂ ಗುಳಿಗೆ ಬೇರೆ ಹೊತ್ತಿಗೆ, ಎರಡನ್ನೂ ಕೂಡಿಸಿದರೆ ಕಬ್ಬಿಣ ರಕ್ತಕ್ಕೆ ಸೇರುವುದಿಲ್ಲ. ಮಲ ಕಪ್ಪಾಗುತ್ತದೆ ಎಂದು ಮೊದಲೇ ಹೇಳದಿದ್ದರೆ ಹೆದರಿ ಬಿಡುತ್ತಾರೆ.

ರಾಜ್ಯದ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ಶುರುವಾಯಿತು. ಬಸುರಿ, ಬಾಣಂತಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನ ಅನ್ನ, ಸಾಂಬಾರು, ತರಕಾರಿ, ತತ್ತಿ, ಹಾಲು, ಶೇಂಗಾ ಚಿಕ್ಕಿ. ಅಲ್ಲೇ ಕೂತು ಉಣ್ಣಬೇಕು ಎಂಬ ನಿಯಮದ ಹಿಂದೆ ದೊಡ್ಡ ತಿಳಿವಳಿಕೆ ಇದೆ: ಮನೆಗೆ ಕೊಟ್ಟರೆ ತಾಯಿಯ ತತ್ತಿ ಮಗನ ತಟ್ಟೆಗೆ ಬೀಳುತ್ತದೆ. ಆದರೆ ಅದೇ ನಿಯಮ ಕೂಲಿಯವಳನ್ನು ಹೊರಗಿಡುತ್ತದೆ. ಮಧ್ಯಾಹ್ನ ಹೊಲ ಬಿಟ್ಟು ಬಂದರೆ ಅರ್ಧ ದಿನದ ಕೂಲಿ ಕಟ್. ಹಸಿ ಬಾಣಂತಿ ಹೊಸ್ತಿಲು ದಾಟುವಂತಿಲ್ಲ. ಬಾಣಂತನದ ಆ ದಿನಗಳಿಗಾದರೂ ಡಬ್ಬಿ ಮನೆಗೆ ಹೋಗಬೇಕು, ಒಯ್ಯುವವರು ಆಕೆ ಉಣ್ಣುವವರೆಗೆ ಐದು ನಿಮಿಷ ಕೂಸನ್ನು ಎತ್ತಿಕೊಂಡು ಕೂರಬೇಕು.

ಬಾಣಂತಿಗೆ ಅಂಟಿನುಂಡಿ ನಮ್ಮ ಪದ್ಧತಿ. ಅಂಟು, ಉತ್ತತ್ತಿ, ಕೊಬ್ಬರಿ, ತುಪ್ಪ ಎಲ್ಲ ದುಬಾರಿ, ಬಡ ಮನೆಯಲ್ಲಿ ಆಗದು. ಶೇಂಗಾ ಉಂಡಿ ಆಗುತ್ತದೆ. 250 ಗ್ರಾಂ ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಕೇರಿ, ತರಿತರಿ ಕುಟ್ಟಬೇಕು. ಬಿಸಿ ಇರುವಾಗಲೇ 150 ಗ್ರಾಂ ಹೆರೆದ ಬೆಲ್ಲ ಸೇರಿಸಿ ಮತ್ತೆ ಕುಟ್ಟಿದರೆ ಶೇಂಗಾದ ಎಣ್ಣೆಯೇ ಬಿಟ್ಟು ಉಂಡಿ ಕಟ್ಟಲು ಬರುತ್ತದೆ, ತುಪ್ಪ ಬೇಡ. ಆರಿದ ಮೇಲೆ ಕಟ್ಟಿದರೆ ಒಡೆಯುತ್ತದೆ. 10 ಉಂಡಿ, ಒಂದಕ್ಕೆ ಸುಮಾರು 200 ಕ್ಯಾಲರಿ, 6 ಗ್ರಾಂ ಪ್ರೋಟೀನು. ದಿನಕ್ಕೆ ಮೂರು ತಿಂದರೆ ಆ 600 ಕ್ಯಾಲರಿ ಸಿಕ್ಕಿತು. ಕಪ್ಪಾದ, ಸುಕ್ಕುಗಟ್ಟಿದ, ಕಹಿ ಬೀಜವನ್ನು ಆರಿಸಿ ಬಿಸಾಡಿ, ಬೂಸ್ಟು ಹಿಡಿದ ಶೇಂಗಾ ಯಕೃತ್ತಿಗೆ ವಿಷ. ಇನ್ನೊಂದು ಮಾತು, 10 ಮಾಡಬೇಡಿ, 30 ಮಾಡಿ. ಹತ್ತೇ ಇದ್ದರೆ ಮಕ್ಕಳು ಸುತ್ತ ನಿಂತಾಗ ತಾಯಿ ಒಂದನ್ನೂ ಬಾಯಿಗೆ ಹಾಕುವುದಿಲ್ಲ.

ಮನಸ್ಸಿನ ಚಿಕಿತ್ಸೆ ಎಂದರೆ ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಊರಿನ ಆರೋಗ್ಯ ಕಾರ್ಯಕರ್ತೆಯರೇ ಖಿನ್ನತೆ ಇದ್ದ ತಾಯಂದಿರ ಮನೆಗೆ 16 ಸಲ ಹೋಗಿ ಕೂತು ಮಾತಾಡಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಕೂಸಿಗೆ ಆರು ತಿಂಗಳಾಗುವ ಹೊತ್ತಿಗೆ ಅವರಲ್ಲಿ 23% ಜನಕ್ಕೆ ಖಿನ್ನತೆ ಉಳಿದಿತ್ತು, ಆ ಕ್ರಮದ ಮಾತುಕತೆ ಸಿಗದವರಲ್ಲಿ 53%. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಅದನ್ನೇ ಕೈಪಿಡಿ ಮಾಡಿತು. ತಾಯಿಯ ಆರೋಗ್ಯ, ಕೂಸಿನ ಜೊತೆಗಿನ ಹೊತ್ತು, ಸುತ್ತಲಿನವರ ಜೊತೆಗಿನ ಸಂಬಂಧ, ಈ ಮೂರರಲ್ಲಿ ಪ್ರತಿ ಸಲ ಒಂದು ಸಣ್ಣ ಕೆಲಸ. ‘ನಾಳಿಂದ ಮೊದಲ ರೊಟ್ಟಿ ನಿಮ್ಮ ತಟ್ಟ್ಯಾಗ ತಗದಿಡ್ರಿ’ ಅನ್ನುವುದೂ ಅಂಥ ಒಂದು ಕೆಲಸವಾಗಬಹುದು.

ರಾತ್ರಿ ಯಾರೂ ಇಲ್ಲದಾಗ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. 2022ರ ಅಕ್ಟೋಬರ್‌ನಿಂದ ಇದೆ, ದಿನದ 24 ತಾಸು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು. ಹೆಂಗಸರಿಗೆ ಬಸ್ಸು ಪುಕ್ಕಟೆ ಇರುವುದರಿಂದ ಹೋಗಿ ಬರುವ ಖರ್ಚು ದೊಡ್ಡದಲ್ಲ, ಕೂಲಿ ಹೋಗುವುದೇ ದೊಡ್ಡದು. ಗುಳಿಗೆ ಬರೆದುಕೊಟ್ಟರೆ ಅದು ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಹದಿನೈದು ದಿನದ ಗುಳಿಗೆ ತಂದು, ಏನೂ ಆಗಲಿಲ್ಲವೆಂದು ಬಿಟ್ಟು, ಮತ್ತೆ ಹೋಗದಿರುವುದೇ ಇಲ್ಲಿ ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಹಾಲೂಡಿಸುತ್ತಿದ್ದೇನೆ ಎಂದು ಡಾಕ್ಟರಿಗೆ ಹೇಳಿದರೆ ಅದಕ್ಕೆ ಹೊಂದುವ ಗುಳಿಗೆ ಕೊಡುತ್ತಾರೆ. ತಾವಾಗಿ ನಿಲ್ಲಿಸಬಾರದು. ‘ದೇವರ ಮ್ಯಾಲ ಭಾರ ಹಾಕ್ರಿ’, ‘ನಿಮಗಿಂತ ಕಷ್ಟದವರಿಲ್ಲೇನು’ ಎಂಬ ಮಾತುಗಳಿಂದ ಆಕೆ ಇನ್ನಷ್ಟು ಬಾಯಿ ಮುಚ್ಚಿಕೊಳ್ಳುತ್ತಾಳೆ.

ಹತ್ತು ದಿನ ಬಿಟ್ಟು ಎರಡನೇ ಸಲ ಹೋಗಬೇಕು, ಹೋಗುವುದು ತಿಂಗಳ ಮೂರನೇ ವಾರ ಬೀಳುವಂತೆ ನೋಡಿಕೊಂಡರೆ ಒಳ್ಳೆಯದು. ಮತ್ತೆ ಅದೇ ನಾಲ್ಕು ಅಡುಗೆಯ ಪ್ರಶ್ನೆ, ಅದೇ ಎರಡು ಮನಸ್ಸಿನ ಪ್ರಶ್ನೆ. ಕೊನೆಯ ತಟ್ಟೆಯ ರೊಟ್ಟಿ ಒಂದರಿಂದ ಎರಡಾಗಿದ್ದರೆ ಅದನ್ನು ಬರೆದುಕೊಳ್ಳಿ, ಕೆಂಪು ಗುಳಿಗೆಯ ಪಟ್ಟಿಯಲ್ಲಿ ಎಷ್ಟು ಖಾಲಿಯಾಗಿವೆ ಎಣಿಸಿ. ಮತ್ತೆ ‘ಹಸಿವಿಲ್ರೀ’ ಎಂದರೆ, ಹಾಗೆ ಅನ್ನುವಾಗ ಪಕ್ಕದಲ್ಲಿ ಯಾರು ಕೂತಿದ್ದರು ಎಂಬುದನ್ನೂ ಬರೆದುಕೊಳ್ಳಿ.